ಮೋರಿಟ್ಸ್ ಕಪೋಸಿ

ಮೋರಿಟ್ಸ್ ಕಪೋಸಿ (23 ಅಕ್ಟೋಬರ್ 1837 – 6 ಮಾರ್ಚ್ 1902) ವಿಯೆನ್ನಾದ ಪ್ರಸಿದ್ಧ ಚರ್ಮರೋಗ ತಜ್ಞರು. ಹಂಗೇರಿಯ ಕಪೋಶ್ವಾರ್ ಪಟ್ಟಣದ ಯಹೂದಿ ಕುಟುಂಬದಲ್ಲಿ ಜನಿಸಿದ ಇವರ ಮೂಲ ಹೆಸರು ಮೋರಿಟ್ಸ್ ಕೋನ್. 1871ರಲ್ಲಿ ಹುಟ್ಟೂರಿನ ಹೆಸರಿನಿಂದ ‘ಕಪೋಸಿ’ ಎಂಬ ಕುಲನಾಮವನ್ನು ರೂಪಿಸಿಕೊಂಡರು. ಗುರುಗಳಾದ ಫರ್ಡಿನಾಂಡ್ ಫಾನ್ ಹೆಬ್ರಾ ಅವರ ಮಗಳನ್ನು ವಿವಾಹವಾಗಿ, ಅವರ ನಂತರ ಚರ್ಮರೋಗ ಚಿಕಿತ್ಸಾಲಯದ ಮುಖ್ಯಸ್ಥರಾದರು.

1872ರಲ್ಲಿ ಕಪೋಸಿ, ಚರ್ಮದ ಮೇಲೆ ನೇರಳೆ-ಕಂದು ಬಣ್ಣದ ಗಂಟುಗಳೆದ್ದ ಐವರು ಪುರುಷ ರೋಗಿಗಳ ಲಕ್ಷಣಗಳನ್ನು ವಿವರಿಸಿದರು. ಒಬ್ಬನ ಶವಪರೀಕ್ಷೆಯಲ್ಲಿ ಒಳ ಅಂಗಗಳಲ್ಲಿಯೂ ಅಂಥವೇ ಗಂಟುಗಳು ಕಂಡವು. ಹೀಗಾಗಿ ಇದು ಚರ್ಮಕ್ಕಷ್ಟೇ ಸೀಮಿತವಾದ ವ್ಯಾಧಿಯಲ್ಲವೆಂಬುದು ಆಗಲೇ ದಾಖಲಾಯಿತು. ಮುಂದೆ ‘ಕಪೋಸಿ ಸಾರ್ಕೋಮಾ’ ಎನಿಸಿದ ಈ ಕ್ಯಾನ್ಸರ್ ಯುರೋಪಿನಲ್ಲಿ ಬಹುಕಾಲ ವೃದ್ಧರ ಅಪರೂಪದ ರೋಗವಾಗಿಯೇ ಉಳಿದಿತ್ತು. 1981ರಲ್ಲಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ಯುವಕರಲ್ಲಿ ಇದು ಕಾಣಿಸಿಕೊಂಡದ್ದು ಏಡ್ಸ್ ರೋಗದ ಮೊದಲ ಸುಳಿವುಗಳಲ್ಲೊಂದು.

ಇದಕ್ಕೆ ಕಾರಣವಾದ ಹರ್ಪಿಸ್ ಗುಂಪಿನ ವೈರಸ್ 1994ರಲ್ಲಿ, ಅಂದರೆ ಕಪೋಸಿ ತೀರಿಕೊಂಡ 92 ವರ್ಷಗಳ ಬಳಿಕ, ಪತ್ತೆಯಾಯಿತು. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಂದಿದಾಗ ಈ ವೈರಸ್ ಗಂಟುಗಳನ್ನು ಉಂಟುಮಾಡುತ್ತದೆ. ಅದರ ಸೋಂಕು ಭಾರತದಲ್ಲಿ ಕಡಿಮೆ. ಆದುದರಿಂದ ಕರ್ನಾಟಕವೂ ಸೇರಿದಂತೆ ಇಲ್ಲಿನ ಎಚ್‌ಐವಿ ಸೋಂಕಿತರಲ್ಲಿ ಕಪೋಸಿ ಸಾರ್ಕೋಮಾ ವಿರಳ. ಲಿಂಫೋಮಾ ಹಾಗೂ ಸ್ತ್ರೀಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಅದಕ್ಕಿಂತ ಹೆಚ್ಚಾಗಿ ಕಂಡುಬರುತ್ತವೆ.