ಹೈಡನ್ ಕೇಳಿಸಿದ ಸೂರ್ಯೋದಯ

ಬೆಳಗಿನ ಬಲಿಪೂಜೆಗೆ ಹೊರಟಾಗ ಪೂರ್ವದಲ್ಲಿ ಸೂರ್ಯ ಮೇಲೇರುವುದನ್ನು ನೀವು ಎಷ್ಟೋ ಸಲ ಕಂಡಿದ್ದೀರಿ. ಆ ನೋಟವನ್ನು ವಾದ್ಯಗಳಲ್ಲಿ ಕೇಳಿಸಿದ ಭಕ್ತರೊಬ್ಬರ ಬಾಳಕಥೆ ಇದು.

ಜೋಸೆಫ್ ಹೈಡನ್ 1732ರಲ್ಲಿ ಆಸ್ಟ್ರಿಯದ ರೋರಾವ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಗಾಡಿಯ ಚಕ್ರ ಮಾಡುವ ಕಸುಬುದಾರ. ಸ್ವರಲಿಪಿ ಓದಲು ಬಾರದಿದ್ದರೂ ಹಾರ್ಪ್ ನುಡಿಸುತ್ತ ಮನೆಮಂದಿಯನ್ನೆಲ್ಲ ಹಾಡಿಸುತ್ತಿದ್ದರು. ಆರು ತುಂಬುವ ಮೊದಲೇ ಬಾಲಕ ಸಂಗೀತ ಕಲಿಯಲು ಮನೆ ಬಿಟ್ಟ. ಮುಂದೆ ವಿಯೆನ್ನಾದ ಸಂತ ಸ್ತೇಫಾನರ ಪ್ರಧಾನಾಲಯದ ಗಾನವೃಂದ ಸೇರಿದ. ಹರೆಯದಲ್ಲಿ ಧ್ವನಿ ಒಡೆಯಿತು, ಅಲ್ಲಿಂದ ಹೊರಬೀಳಬೇಕಾಯಿತು. ಅಟ್ಟದ ಕೋಣೆಯಲ್ಲಿದ್ದು, ಮಕ್ಕಳಿಗೆ ಪಾಠ ಹೇಳಿ, ಪಿಟೀಲು ನುಡಿಸಿ ಹೊಟ್ಟೆ ಹೊರೆದರು.

1761ರ ಮೇ 1ರಂದು ಎಸ್ಟರ್‌ಹಾಜಿ ರಾಜಮನೆತನದಲ್ಲಿ ಉಪ ಸಂಗೀತ ನಿರ್ದೇಶಕರ ಕೆಲಸ ದೊರೆಯಿತು. ಆಗ ಅವರಿಗೆ 29 ವರ್ಷ. ಸಮವಸ್ತ್ರ ತೊಟ್ಟು ದಿನವೂ ಅಪ್ಪಣೆಗೆ ಕಾದು ನಿಲ್ಲಬೇಕೆಂಬ ಕರಾರು. ಮೇಲೆ ವಯಸ್ಸಾದ ನಿರ್ದೇಶಕರು, ಎದುರಿಗೆ ನುರಿತ ವಾದಕರು. ಈ ಹೊಸಬನನ್ನು ಅವರು ಒಪ್ಪುವರೇ?

ಹೈಡನ್ ಆ ವರ್ಷ ರಾಜಕುಮಾರ ಪಾಲ್ ಆಂಟನ್‌ರಿಗಾಗಿ ರಚಿಸಿದ ಮೊದಲ ಕೃತಿಗಳಲ್ಲಿ ಬೆಳಗು, ಮಧ್ಯಾಹ್ನ, ಸಂಜೆ ಎಂಬ ಮೂರು ಸಿಂಫನಿಗಳಿವೆ. ಮೊದಲನೆಯದು ಪಿಟೀಲಿನ ಮೆಲುದನಿಯಿಂದ ಆರಂಭವಾಗಿ, ಸೂರ್ಯ ಮೂಡುವಂತೆ ಸ್ವಲ್ಪಸ್ವಲ್ಪವೇ ತುಂಬಿಕೊಳ್ಳುತ್ತದೆ. ಬಳಿಕ ಕೊಳಲು ಲವಲವಿಕೆಯಿಂದ ಹಾಡುತ್ತದೆ. ಕೊನೆಯದು ಗುಡುಗು ಮಿಂಚಿನ ಬಿರುಮಳೆಯಲ್ಲಿ ಮುಗಿಯುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಈ ಕೃತಿಗಳಲ್ಲಿ ಹೈಡನ್ ತಮ್ಮ ವಾದಕರಿಗೆ ಒಬ್ಬೊಬ್ಬರಾಗಿ ಮುಂದೆ ಬರುವ ಅವಕಾಶ ಕೊಟ್ಟರು. ಸದಾ ಹಿಂದೆಯೇ ನಿಂತು ಇತರರಿಗೆ ಆಧಾರವಾಗುವ ದೊಡ್ಡ ಡಬಲ್ ಬೇಸ್ ವಾದ್ಯಕ್ಕೂ ಒಂಟಿಯಾಗಿ ಹಾಡುವ ಗಳಿಗೆ ಬಂತು. ತನ್ನ ಹಿರಿಮೆ ತೋರಬೇಕಾದ ಹೊತ್ತಿನಲ್ಲಿ ಅವರು ಜೊತೆಗಾರರ ಹಿರಿಮೆಯನ್ನು ತೋರಿದರು. ಆ ಮನೆತನದಲ್ಲಿ ಸುಮಾರು 30 ವರ್ಷ ದುಡಿದ ಅವರನ್ನು ವಾದಕರು ಅಪ್ಪನೆಂದೇ ಕರೆಯತೊಡಗಿದರು.

ಕೃತಿಯನ್ನು ಪ್ರಭುವಿನ ನಾಮದಿಂದ ಆರಂಭಿಸಿ, ಕೊನೆಯಲ್ಲಿ ದೇವರಿಗೆ ಸ್ತುತಿ ಬರೆಯುವುದು ಅವರ ರೂಢಿ. ರಚನೆ ಮುಂದೆ ಸಾಗದಿದ್ದರೆ ಜಪಮಾಲೆ ಹಿಡಿದು ಕೋಣೆಯಲ್ಲಿ ಅಡ್ಡಾಡುತ್ತ ನಮೋ ಮರಿಯ ಜಪಿಸುತ್ತಿದ್ದರು. 1808ರಲ್ಲಿ, ಸಾವಿಗೆ ಒಂದು ವರ್ಷ ಮೊದಲು, ಅವರ 'ಸೃಷ್ಟಿ' ಕೃತಿ ವಿಯೆನ್ನಾದಲ್ಲಿ ನಡೆಯಿತು. ಬೆಳಕು ಮೂಡುವ ಭಾಗಕ್ಕೆ ಸಭೆ ಚಪ್ಪಾಳೆಗರೆದಾಗ ವೃದ್ಧ ಹೈಡನ್ ಕೈಯನ್ನು ಮೇಲಕ್ಕೆತ್ತಿ, ಇದು ಬಂದದ್ದು ಅಲ್ಲಿಂದ ಎಂದು ಸೂಚಿಸಿದರು.

ನಿಮ್ಮ ಮನೆಯಲ್ಲಿ, ನಿಮ್ಮ ಗಾನವೃಂದದಲ್ಲಿ ಸದಾ ಹಿಂದೆ ನಿಲ್ಲುವವರು ಯಾರು? ಈ ವಾರ ಅವರನ್ನು ಮುಂದಕ್ಕೆ ಕರೆಯಿರಿ. ಅವರ ದನಿಯನ್ನು ನೀವು ಇನ್ನೂ ಸರಿಯಾಗಿ ಕೇಳಿರಲಾರಿರಿ.