ಕಾರಿಗೆ ರೇಡಿಯೊ ಕೂರಿಸಿದ ಪಾಲ್ ಗಾಲ್ವಿನ್

ಮೊಟೊರೋಲಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊಬೈಲ್ ಫೋನ್ ನೆನಪಾಗುತ್ತದೆ. ಆದರೆ ಆ ಹೆಸರು ಹುಟ್ಟಿದ್ದು ಮೋಟಾರು ಕಾರಿನಿಂದ. 1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಅವರು ತಮ್ಮ ಕಾರ್ ರೇಡಿಯೊಗೆ ಇಟ್ಟ ಹೆಸರದು. ಆಗ ಮನೆಮಾತಾಗಿದ್ದ ‘ವಿಕ್ಟ್ರೋಲಾ’ ಗ್ರಾಮಫೋನಿನ ಕೊನೆಯ ‘ಓಲಾ’ವನ್ನು ‘ಮೋಟಾರ್’ ಎಂಬುದಕ್ಕೆ ಅಂಟಿಸಿದರು, ಅಷ್ಟೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಗಾಲ್ವಿನ್ ವಿಜ್ಞಾನಿಯಲ್ಲ, ಎಂಜಿನಿಯರೂ ಅಲ್ಲ, ಎರಡು ಬಾರಿ ಅಂಗಡಿ ಮುಚ್ಚಿದ ವ್ಯಾಪಾರಿ. ಅವರ ಬದುಕು ನನಗೆ ಹಿಡಿಸಿದ್ದೇ ಆ ಕಾರಣಕ್ಕೆ.

ಅವರು ಹುಟ್ಟಿದ್ದು 1895ರ ಜೂನ್ 29ರಂದು, ಇಲಿನಾಯ್ ರಾಜ್ಯದ ಹಾರ್ವರ್ಡ್ ಎಂಬ ಸಣ್ಣ ಊರಿನಲ್ಲಿ. ಹೆಸರು ಒಂದೇ ಆದರೂ ಪ್ರಸಿದ್ಧ ವಿಶ್ವವಿದ್ಯಾಲಯಕ್ಕೂ ಈ ಊರಿಗೂ ಸಂಬಂಧವಿಲ್ಲ. ಹುಡುಗನಾಗಿದ್ದಾಗ ರೈಲು ಪ್ರಯಾಣಿಕರಿಗೆ ಪಾಪ್‌ಕಾರ್ನ್ ಮಾರುತ್ತಿದ್ದರು. ಕಾಲೇಜಿಗೆ ಸೇರಿದರೂ ಪದವಿ ಮುಗಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದು, ಮರಳಿ ಬಂದ ಮೇಲೆ 1921ರಲ್ಲಿ ಸ್ನೇಹಿತ ಎಡ್ವರ್ಡ್ ಸ್ಟೀವರ್ಟ್ ಜೊತೆ ಬ್ಯಾಟರಿ ಕಾರ್ಖಾನೆ ತೆರೆದರು. ಎರಡೇ ವರ್ಷದಲ್ಲಿ ಅದು ಮುಳುಗಿತು. ತೆರಿಗೆ ಬಾಕಿಗಾಗಿ ಅಧಿಕಾರಿಗಳು ಬೀಗ ಜಡಿದ ದಿನ, ಊಟಕ್ಕೆ ಹೊರಗೆ ಹೋಗಿದ್ದ ಗಾಲ್ವಿನ್ ಅವರಿಗೆ ಒಳಗಿದ್ದ ಕೋಟನ್ನು ತರಲೂ ಬಿಡಲಿಲ್ಲವೆಂಬ ಕಥೆ ಪ್ರಸಿದ್ಧ. ಸ್ವಲ್ಪ ಕಾಲ ಮಿಠಾಯಿ ಕಂಪನಿಯೊಂದರಲ್ಲಿ ದುಡಿದು, ಷಿಕಾಗೋದಲ್ಲಿ ಅದೇ ಸ್ನೇಹಿತನ ಜೊತೆ ಮತ್ತೆ ಬ್ಯಾಟರಿ ವ್ಯವಹಾರಕ್ಕಿಳಿದರು. 1928ರಲ್ಲಿ ಅದೂ ಹರಾಜಿಗೆ ಬಂತು.

ಆ ಹರಾಜಿನಲ್ಲಿ ಅವರು ಮಾಡಿದ್ದನ್ನು ಗಮನಿಸಬೇಕು. ಬ್ಯಾಟರಿಯಿಂದ ನಡೆಯುತ್ತಿದ್ದ ಮನೆಯ ರೇಡಿಯೊವನ್ನು ಗೋಡೆಯ ಕರೆಂಟಿನಿಂದಲೇ ನಡೆಸುವ ‘ಎಲಿಮಿನೇಟರ್’ ಎಂಬ ಪೆಟ್ಟಿಗೆಯನ್ನು ಅವರ ಕಂಪನಿ ತಯಾರಿಸುತ್ತಿತ್ತು. ಆ ಭಾಗವನ್ನು ಮಾತ್ರ 750 ಡಾಲರಿಗೆ ತಾವೇ ಕೂಗಿ ಕೊಂಡರು. 1928ರ ಸೆಪ್ಟೆಂಬರ್ 25ರಂದು ತಮ್ಮ ಜೋಸೆಫ್ ಜೊತೆ ಗಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ ಆರಂಭಿಸಿದಾಗ ಕೈಯಲ್ಲಿದ್ದ ನಗದು 565 ಡಾಲರ್. ಕೆಲಸಗಾರರು ಐದು ಮಂದಿ, ಮೊದಲ ವಾರದ ಸಂಬಳದ ಮೊತ್ತ 63 ಡಾಲರ್. ಆದರೆ ನೇರವಾಗಿ ಕರೆಂಟಿನಿಂದಲೇ ನಡೆಯುವ ರೇಡಿಯೊಗಳು ಬಂದು ಎಲಿಮಿನೇಟರ್ ಯಾರಿಗೂ ಬೇಡವಾಗತೊಡಗಿತು. ಮರುವರ್ಷ ಷೇರುಪೇಟೆಯೂ ಕುಸಿಯಿತು. ಹೊಸ ಸರಕು ಸಿಗದಿದ್ದರೆ ಮೂರನೆಯ ಸಲವೂ ಬೀಗವೇ ಗತಿ.

ಆ ಸರಕು ಕಾರ್ ರೇಡಿಯೊ. ಅದನ್ನು ಕಂಡುಹಿಡಿದವರೇ ಗಾಲ್ವಿನ್ ಎಂದು ಕೆಲವು ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಟ್ರಾನ್ಸಿಟೋನ್ ಎಂಬ ಕಾರ್ ರೇಡಿಯೊ ಅದಕ್ಕೂ ಮೊದಲೇ ಮಾರಾಟದಲ್ಲಿತ್ತು. ಗಾಲ್ವಿನ್ ಮಾಡಿದ್ದು, ಅಂಗಡಿಯಲ್ಲಿ ಕೊಂಡು ಇದ್ದ ಕಾರಿಗೇ ಕೂರಿಸಿಕೊಳ್ಳಬಹುದಾದ, ಮಧ್ಯಮ ವರ್ಗದ ಕೈಗೆ ಎಟಕುವ ಸೆಟ್ಟನ್ನು ತಯಾರಿಸಿದ್ದು. ಕೈಗೆಟಕುವುದು ಎಂದರೂ 5ಟಿ71 ಎಂಬ ಆ ಮೊದಲ ಮಾದರಿಯ ಬೆಲೆ 110ರಿಂದ 130 ಡಾಲರ್ ಇತ್ತು.

ಕಷ್ಟವಿದ್ದದ್ದು ಗಾಳಿಯಲ್ಲಿನ ಅಲೆಯನ್ನು ಹಿಡಿಯುವುದರಲ್ಲಲ್ಲ, ಕಾರಿನ ಬಾಯಿ ಮುಚ್ಚಿಸುವುದರಲ್ಲಿ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಒಂದೊಂದು ಕಿಡಿ ಹಾರಿಸಿದಾಗಲೂ ರೇಡಿಯೊ ಅಲೆಯನ್ನು ಎಬ್ಬಿಸುತ್ತದೆ. ಪೆಟ್ರೋಲ್ ಕಾರೇ ಒಂದು ಸಣ್ಣ ಪ್ರಸಾರ ಕೇಂದ್ರವಿದ್ದ ಹಾಗೆ. ಡೈನಮೊದ ಸದ್ದು ಬೇರೆ. ಗಾಲ್ವಿನ್ ಅವರ ಜೊತೆಗಿದ್ದ ಬಿಲ್ ಲಿಯರ್ ಮತ್ತು ಎಲ್ಮರ್ ವೇವರಿಂಗ್ ಎಂಬ ಯುವಕರು ಈ ಕರಕರವನ್ನು ಒಂದೊಂದಾಗಿ ಹುಡುಕಿ ಅಡಗಿಸಿದರು. ಪ್ಲಗ್ಗಿನ ತಂತಿಗೆ ರೆಸಿಸ್ಟರ್, ಡೈನಮೊಗೆ ಕಂಡೆನ್ಸರ್, ರೇಡಿಯೊಗೆ ಲೋಹದ ಪೆಟ್ಟಿಗೆ.

ಇದು ಹಳೆಯ ಕಾಲದ ಕಥೆಯೆಂದು ತಿಳಿಯಬೇಡಿ. ನನ್ನ ಮಾವನದು ಕಾರ್ ಸ್ಟೀರಿಯೊ ಅಂಗಡಿ. ಕಂಪನಿ ಕೊಟ್ಟ ಸ್ಟೀರಿಯೊ ತೆಗೆದು ದೊಡ್ಡ ಪರದೆಯದನ್ನು ಹಾಕಿಸಿಕೊಂಡವರು ಕೆಲವೊಮ್ಮೆ ಮರುದಿನವೇ ವಾಪಸ್ ಬರುತ್ತಾರೆ: ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ‘ಕುಂಯ್’ ಎಂಬ ಸದ್ದೂ ಏರುತ್ತದೆ. ಮಾವ ಮೊದಲು ನೋಡುವುದು ಅರ್ತಿಂಗ್ ಸರಿಯಾಗಿದೆಯೇ, ಆಂಪ್ಲಿಫೈಯರಿನ ಪವರ್ ತಂತಿಯೂ ಆಡಿಯೊ ತಂತಿಯೂ ಒಟ್ಟಿಗೇ ಹೋಗಿವೆಯೇ ಎಂದು. ಆ ಕುಂಯ್ ಸದ್ದಿನ ಮೂಲ ಆಲ್ಟರ್ನೇಟರ್. ಹಳೆಯ ಡೈನಮೊದ ಜಾಗಕ್ಕೆ ಕಾರುಗಳಲ್ಲಿ ಆಲ್ಟರ್ನೇಟರನ್ನು ತರಲು ಮುಂದೆ ದುಡಿದವರಲ್ಲಿ ಇದೇ ವೇವರಿಂಗ್ ಕೂಡ ಒಬ್ಬರೆಂದು ತಿಳಿದಾಗ ನನಗೆ ನಗು ಬಂತು. ಒಂದು ಸದ್ದು ಅಡಗಿಸಿದವರೇ ಇನ್ನೊಂದಕ್ಕೆ ದಾರಿ ಮಾಡಿದರು.

1930ರ ಜೂನಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮ್ಮೇಳನವಿತ್ತು. ಗಾಲ್ವಿನ್ ಬಳಿ ಮಳಿಗೆ ಹಿಡಿಯಲು ಹಣವಿರಲಿಲ್ಲ. ತಮ್ಮ ಸ್ಟೂಡ್‌ಬೇಕರ್ ಕಾರಿಗೇ ಸೆಟ್ ಕೂರಿಸಿ ಷಿಕಾಗೋದಿಂದ ಅಲ್ಲಿಯವರೆಗೂ ಓಡಿಸಿಕೊಂಡು ಹೋದರು. ಸಮ್ಮೇಳನದ ಬಾಗಿಲ ಬಳಿ ಕಾರು ನಿಲ್ಲಿಸಿ ರೇಡಿಯೊ ಜೋರಾಗಿ ಹಚ್ಚಿದರು. ಹೋಗುವವರು ಬರುವವರು ನಿಂತು ಕೇಳಿದರು, ಆರ್ಡರ್ ಕೊಟ್ಟರು. ಎಲ್ಲ ಸಲವೂ ಹೀಗೆ ಆಗಲಿಲ್ಲ. ಸಾಲ ಕೇಳಿದ್ದ ಬ್ಯಾಂಕರ್ ಒಬ್ಬರ ಪ್ಯಾಕರ್ಡ್ ಕಾರಿಗೆ ಹಾಕಿಕೊಟ್ಟ ರೇಡಿಯೊ ಅರ್ಧ ಗಂಟೆಯಲ್ಲೇ ಬೆಂಕಿ ಹತ್ತಿಸಿ ಕಾರನ್ನು ಸುಟ್ಟಿತು. ಸಾಲ ಸಿಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಇಂದು ಕಪ್ಲರ್ ಸಿಕ್ಕಿಸಿ, ನಾಲ್ಕು ಸ್ಕ್ರೂ ಬಿಗಿದರೆ ಸ್ಟೀರಿಯೊ ಬದಲಾಯಿತು. ಆಗ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ರೇಡಿಯೊದ ವಾಲ್ವುಗಳಿಗೆ ಹೆಚ್ಚಿನ ವೋಲ್ಟೇಜ್ ಬೇಕಿದ್ದರಿಂದ ಕಾಲ ಕೆಳಗಿನ ಹಲಗೆ ಕೊರೆದು ಬೇರೆ ಬ್ಯಾಟರಿಗಳನ್ನು ಇಡಬೇಕು. ಆಂಟೆನಾ ತಂತಿಯನ್ನು ಬಟ್ಟೆಯ ಚಾವಣಿಯೊಳಗೆ ಹೊಲಿಯಬೇಕು. ಮುಂದೆ ಉಕ್ಕಿನ ಚಾವಣಿ ಬಂದಾಗ ಆ ಜಾಗವೂ ಹೋಯಿತು. ಕೆಲವೇ ವರ್ಷಗಳಲ್ಲಿ ವೈಬ್ರೇಟರ್ ಎಂಬ ಸಾಧನ ಬಂದು ಕಾರಿನ 6 ವೋಲ್ಟ್ ಬ್ಯಾಟರಿಯೇ ಸಾಕಾಗುವಂತಾಯಿತು. ಇಷ್ಟರಲ್ಲಿ, ಹಾಡು ಕೇಳುತ್ತ ಚಾಲಕರ ಗಮನ ತಪ್ಪುತ್ತದೆಂದು ಕಾರ್ ರೇಡಿಯೊವನ್ನೇ ನಿಷೇಧಿಸುವ ಮಾತು ಕೆಲವು ಕಡೆ ಎದ್ದಿತ್ತು. ಆ ವಾದ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಡ್ಯಾಶ್‌ಬೋರ್ಡಿನಲ್ಲಿ ಸಿನಿಮಾ ಓಡಿಸುತ್ತ ಗಾಡಿ ಬಿಡುವವರನ್ನು ನಾವೆಲ್ಲ ನೋಡಿದ್ದೇವೆ.

ಮುಂದಿನದನ್ನು ಬೇಗ ಹೇಳುತ್ತೇನೆ. 1936ರಲ್ಲಿ ಪೊಲೀಸ್ ಕಾರುಗಳಿಗೆಂದೇ ಒಂದೇ ತರಂಗಾಂತರಕ್ಕೆ ಹೊಂದಿಸಿಟ್ಟ ರೇಡಿಯೊ ಬಂತು. ಎರಡನೆಯ ಮಹಾಯುದ್ಧದಲ್ಲಿ ಕೈಯಲ್ಲಿ ಹಿಡಿಯುವ ಹ್ಯಾಂಡಿ-ಟಾಕಿ, ಬೆನ್ನಿಗೆ ಹೊರುವ ವಾಕಿ-ಟಾಕಿ ಬಂದವು. ಆ ಯಶಸ್ಸಿನ ನಡುವೆ, 1942ರಲ್ಲಿ, ಅವರ ಪತ್ನಿ ಲಿಲಿಯನ್ ತಮ್ಮ ಮನೆಯಲ್ಲೇ ಕೊಲೆಯಾದರು. ಹಂತಕರು ಸಿಗಲೇ ಇಲ್ಲ. 1947ರಲ್ಲಿ ಸರಕಿನ ಹೆಸರೇ ಕಂಪನಿಯ ಹೆಸರಾಯಿತು. ಅದೇ ವರ್ಷ ಲಾಭದಲ್ಲಿ ಕೆಲಸಗಾರರಿಗೂ ಪಾಲು ಕೊಡುವ ಯೋಜನೆ ತಂದರು. ಐದು ಜನರಿಗೆ 63 ಡಾಲರ್ ಹಂಚಿದ ಕೈ ಅದು.

ಗಾಲ್ವಿನ್ 1959ರ ನವೆಂಬರ್ 5ರಂದು, 64ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಂಪನಿ ಮಗ ರಾಬರ್ಟ್ ಅವರ ಕೈಗೆ ಬಂತು. ಅದಕ್ಕೆ ನಾಲ್ಕು ವರ್ಷ ಮೊದಲು ಮೊಟೊರೋಲಾ ಕಾರ್ ರೇಡಿಯೊಗೆಂದೇ ಪವರ್ ಟ್ರಾನ್ಸಿಸ್ಟರನ್ನು ಮಾರುಕಟ್ಟೆಗೆ ತಂದಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಗುಂಯ್‌ಗುಟ್ಟಿದ್ದ ವೈಬ್ರೇಟರ್ ಆಗ ಒಂದೊಂದೇ ಕಾರಿನಿಂದ ಹೊರಬೀಳತೊಡಗಿತ್ತು.