ಯಲ್ಲಾಪ್ರಗಡ ಸುಬ್ಬರಾಯರು

ಮಂಗಳೂರಿನ ಕರಾವಳಿಯನ್ನು ಬಹುಕಾಲ ಕಾಡಿದ ಆನೆಕಾಲು ರೋಗದ ಹುಳುವನ್ನು ಹರಡುವುದು ಸೊಳ್ಳೆ. ಆ ಹುಳುವಿಗೆ ಮದ್ದು ಕಂಡುಹಿಡಿದ ತಂಡದ ನಾಯಕರು ಯಲ್ಲಾಪ್ರಗಡ ಸುಬ್ಬರಾಯರು. ಅವರು ಜನಿಸಿದುದು 1895ರಲ್ಲಿ, ಆಂಧ್ರದ ಭೀಮವರದಲ್ಲಿ. ಅವರ ತಾರುಣ್ಯದಲ್ಲಿಯೇ ಇಬ್ಬರು ಸೋದರರು ಕರುಳಿನ ಬೇನೆಯಿಂದ ತೀರಿಕೊಂಡರು. ಮದ್ರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಅಮೆರಿಕಕ್ಕೆ ತೆರಳಿದ ಅವರು, ರೋಗಗಳಿಗೆ ಮದ್ದನ್ನರಸುವುದನ್ನೇ ಬಾಳಿನ ವ್ರತವಾಗಿಸಿಕೊಂಡರು.

ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡವು ರಾಸಾಯನಿಕಗಳನ್ನು ಒಂದೊಂದಾಗಿ ತಯಾರಿಸಿ, ಹುಳು ತಗುಲಿದ ಇಲಿಗಳಲ್ಲಿ ಪರೀಕ್ಷಿಸಿತು. ವಿಫಲವಾದುದನ್ನು ಕೈಬಿಟ್ಟು ಮುಂದಿನದನ್ನು ಎತ್ತಿಕೊಂಡಿತು. 1947ರಲ್ಲಿ ಡೈಈಥೈಲ್‌ಕಾರ್ಬಮಜೀನ್ ಎಂಬ ಔಷಧ ಬೆಳಕಿಗೆ ಬಂದಿತು. ಮರುವರ್ಷವೇ ಸುಬ್ಬರಾಯರು ನಿಧನ ಹೊಂದಿದರು. ಆ ಮಾತ್ರೆಗಳನ್ನು ಮುಂದೆ ದಕ್ಷಿಣ ಕನ್ನಡದಲ್ಲಿಯೂ ಮನೆಮನೆಗೆ ಹಂಚಲಾಯಿತು.

ಸೊಳ್ಳೆಯೇ ತರುವ ಡೆಂಗ್ಯೂ ವೈರಾಣುವಿಗೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಅದನ್ನರಸುವವರು ನಡೆಯುತ್ತಿರುವುದೂ ಅದೇ ತಾಳ್ಮೆಯ ದಾರಿಯಲ್ಲಿ.